ಕೆನ್ನೆಯ ಮೇಲಿನ ಕಾಗೆಬಂಗಾರ

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಗ್ಗೆ ಹತ್ತರ ಮೇಲೆ ಸ್ವಲ್ಪ ಹೊತ್ತು ನಿಂತಿದ್ದರೆ ಒಂದು ಕೈಚಳಕ ಕಾಣಿಸುತ್ತದೆ. ಮಲ್ಲಿಗೆ ಕುಕ್ಕೆ ಮುಂದಿಟ್ಟುಕೊಂಡವರು ಮಾತಾಡುತ್ತಲೇ ಪಕ್ಕದ ಚೊಂಬಿಗೆ ಬೆರಳದ್ದಿ ಹೂವಿನ ಮೇಲೆ ನೀರು ಚಿಮುಕಿಸುತ್ತಾರೆ. ನಸುಕಿನಲ್ಲಿ ಬಿಡಿಸಿದ ಮೊಗ್ಗೋ, ನಿನ್ನೆ ಸಂಜೆ ಉಳಿದದ್ದೋ, ಹನಿ ಕೂತಮೇಲೆ ಕೊಳ್ಳುವವರ ಕಣ್ಣಿಗೆ ಎಲ್ಲವೂ ಇಬ್ಬನಿಯಲ್ಲಿ ಮಿಂದು ಬಂದದ್ದೇ. ಚೌಕಾಸಿ ಮರೆತು ಎರಡು ಮೊಳ ಹೆಚ್ಚಿಗೆ ತರುತ್ತೇವೆ. ಹೋದ ತಿಂಗಳು ಅಕ್ಕನ ಮಗಳು ನನ್ನ ಕೆನ್ನೆಗೆ ಮಾಡಿದ್ದೂ ಇದೇ ಕೆಲಸ. ಚೊಂಬಿನ ಬದಲು ಅವಳ ಕೈಯಲ್ಲಿ ಹೆಬ್ಬೆರಳುದ್ದದ ಒಂದು ಕಡ್ಡಿ ಇತ್ತು.

‘ಡ್ಯೂಯಿ ಹೈಲೈಟರ್ ಸ್ಟಿಕ್’ ಅಂದಳು, ಇಬ್ಬನಿಯ ಹೊಳಪು ಕೊಡುವ ಕಡ್ಡಿ. ಮಕ್ಕಳ ಗೋಂದಿನ ಕಡ್ಡಿಯ ಹಾಗೆ ಬುಡ ತಿರುಗಿಸಿದರೆ ತುದಿಯಿಂದ ತಿಳಿಗುಲಾಬಿ ಬಣ್ಣದ ಮೇಣ ಮೇಲೇಳುತ್ತದೆ. ಬಿಸಿಲಿಗೆ ಹಿಡಿದರೆ ಒಳಗೆ ಚಿನ್ನದ ಧೂಳು ಅದ್ದಿಟ್ಟ ಹಾಗೆ ಮಿರುಗು. ಬೆಲೆ ನಾನೂರು ಚಿಲ್ಲರೆ. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ ಕನ್ನಡಕ ಏರಿಸಿ, ‘ಅದೇನೇ, ವ್ಯಾಸಲೀನಾ?’ ಅಂದರು. ‘ಅಲ್ಲಜ್ಜಿ, ಮುಖಕ್ಕೆ ಗ್ಲೋ ಬರತ್ತೆ’ ಅಂದಳು ಇವಳು. ‘ಗ್ಲೋ ಅಂದ್ರೆ?’

ಆ ಪ್ರಶ್ನೆಗೆ ಮೊಮ್ಮಗಳು ತಡವರಿಸಿದಳು. ನನಗೂ ಒಂದೇಟಿಗೆ ಉತ್ತರ ಹೊಳೆಯಲಿಲ್ಲ. ಕಾಂತಿ ಅನ್ನೋಣವೆಂದರೆ ಅದು ಕ್ರೀಮಿನ ಜಾಹೀರಾತಿನ ಮಾತು. ತೇಜಸ್ಸು ಅಂದರೆ ಮಠದ ಸ್ವಾಮಿಗಳ ಮುಖ ಕಣ್ಣಿಗೆ ಬರುತ್ತದೆ. ಮನೆಮಾತಿನಲ್ಲಿ ಇದಕ್ಕೆ ಇರುವ ಪದ ‘ಕಳೆ’. ‘ಹುಡುಗಿ ಕಪ್ಪಾದರೂ ಮುಖದಲ್ಲಿ ಕಳೆ ಇದೆ’ ಅಂತ ಹೆಣ್ಣು ನೋಡಿ ಬಂದವರು ಹೇಳುತ್ತಿದ್ದರಲ್ಲ, ಅದು. ಆ ‘ಆದರೂ’ ಎಂಬ ಮೂರಕ್ಷರದ ಬಗ್ಗೆ ಆಮೇಲೆ ಹೇಳುತ್ತೇನೆ. ಕಳೆಗೆ ಎದುರಾಳಿ ಪದವೂ ಮನೆಯಲ್ಲೇ ಇದೆ: ಜಿಡ್ಡು. ಎರಡೂ ಹೊಳೆಯುತ್ತವೆ. ಒಂದನ್ನು ಕಂಡರೆ ದೃಷ್ಟಿ ತೆಗೆಯುತ್ತಾರೆ, ಇನ್ನೊಂದನ್ನು ಕಂಡರೆ ‘ಹೋಗಿ ಮುಖ ತೊಳ್ಕೊಂಡು ಬಾ’ ಅನ್ನುತ್ತಾರೆ. ಒಂದೇ ಹೊಳಪು ಒಂದು ಕಡೆ ಕಳೆ, ಇನ್ನೊಂದು ಕಡೆ ಜಿಡ್ಡು ಆಗುವುದು ಹೇಗೆ ಎಂಬುದು ಗೊತ್ತಾದರೆ ಈ ನಾನೂರು ರೂಪಾಯಿಯ ಕಡ್ಡಿಯ ಗುಟ್ಟು ಅರ್ಧ ಗೊತ್ತಾದಂತೆ.

ಬರೆಯುವವಳಾದ್ದರಿಂದ ಪ್ರಯೋಗವನ್ನು ಕ್ರಮವಾಗಿಯೇ ಮಾಡಿದೆ. ಮುಖ ತೊಳೆದು, ಒರೆಸಿ, ಎಡಗೆನ್ನೆಗೆ ಮಾತ್ರ ಹಚ್ಚಿಸಿಕೊಂಡೆ. ಕಣ್ಣಿನ ಹೊರತುದಿಯ ಕೆಳಗೆ, ಕೆನ್ನೆಲುಬು ಉಬ್ಬಿರುವ ಕಡೆ, ಮೂರು ಸಲ ಒತ್ತಿದಳು. ಎಳೆಯಲಿಲ್ಲ, ಒತ್ತಿದಳು. ಆಮೇಲೆ ಉಂಗುರದ ಬೆರಳಿನಿಂದ ತಟ್ಟಿ ತಟ್ಟಿ ಅಂಚು ಮಾಯಿಸಿದಳು. ಉಂಗುರದ ಬೆರಳೇ ಏಕೆಂದರೆ ಅದಕ್ಕೆ ಬಲ ಕಡಿಮೆಯಂತೆ. ಮೊದಲು ಅಂಟು ಅಂಟು ಅನ್ನಿಸಿತು, ಅರ್ಧ ನಿಮಿಷದಲ್ಲಿ ಮೈಬಿಸಿಗೆ ಹೊಂದಿಕೊಂಡಿತು. ಕನ್ನಡಿ ಹಿಡಿದು ಪೂರ್ವದ ಕಿಟಕಿಗೆ ನೇರ ಮುಖ ಮಾಡಿ ನಿಂತರೆ ಏನೂ ಇಲ್ಲ. ನಾನೂರು ರೂಪಾಯಿ ನೀರಿಗೆ ಹಾಕಿದಳಲ್ಲ ಅಂದುಕೊಳ್ಳುತ್ತ ತಲೆಯನ್ನು ಎರಡು ಬೆರಳಿನಷ್ಟು ಹೊರಳಿಸಿದೆ. ಬೆಳಕು ಕೆನ್ನೆಲುಬಿನ ಮೇಲೆ ಹತ್ತಿತು, ಕಿವಿಯ ಕಡೆಗೆ ಜಾರಿತು, ಹೋಯಿತು. ಬಲಗೆನ್ನೆ ಮಾತ್ರ ಐವತ್ತೆರಡು ವರ್ಷದ್ದಾಗಿ ಸುಮ್ಮನೆ ಕೂತಿತ್ತು.

ಚರ್ಮದ ಮೇಲೆ ಬೆಳಕು ಬಿದ್ದಾಗ ಅದು ಎರಡು ದಾರಿ ಹಿಡಿಯುತ್ತದೆ. ನೂರರಲ್ಲಿ ನಾಲ್ಕೈದು ಪಾಲು ಮೇಲ್ಮೈಗೆ ಬಡಿದು ಅಲ್ಲಿಂದಲೇ ಪುಟಿಯುತ್ತದೆ. ಉಳಿದದ್ದು ಒಳಗಿಳಿದು, ಮೆಲನಿನ್ ಮತ್ತು ರಕ್ತದ ನಡುವೆ ಅಲೆದಾಡಿ, ಒಂದಷ್ಟು ಅಲ್ಲೇ ಇಂಗಿ, ಮಿಕ್ಕದ್ದು ಬಣ್ಣ ಹೊತ್ತು ಹೊರಗೆ ಬರುತ್ತದೆ. ಮೊದಲನೆಯದು ಹೊಳಪು, ಎರಡನೆಯದು ಮೈಬಣ್ಣ. ಚರ್ಮದ ತೀರ ಮೇಲಿನ ಪದರ ಕಾಗದದ ಹಾಳೆಗಿಂತ ಎಷ್ಟೋ ತೆಳು. ಅದರಲ್ಲಿ ನೀರಿನ ಅಂಶ ಇಳಿದಾಗ ಅಲ್ಲಿನ ಸತ್ತ ಜೀವಕೋಶಗಳು ಬತ್ತಿದ ಕೆರೆಯ ಮಣ್ಣಿನ ಹೆಕ್ಕಳೆಯಂತೆ ಅಂಚು ಎತ್ತುತ್ತವೆ. ಪುಟಿಯುವ ಬೆಳಕು ಆಗ ಒಂದು ದಿಕ್ಕಿಗೆ ಹೋಗದೆ ಚೆಲ್ಲಾಪಿಲ್ಲಿಯಾಗುತ್ತದೆ. ಡಿಸೆಂಬರಿನ ಮೈಸೂರಿನಲ್ಲಿ ಮೊಣಕೈ, ಮೊಣಕಾಲು ಬೂದಿ ಬಡಿದ ಹಾಗೆ ಕಾಣುವುದು ಇದರಿಂದಲೇ. ಕೊಬ್ಬರಿ ಎಣ್ಣೆ ಸವರಿದರೆ ಎಣ್ಣೆ ಆ ಸಂದುಗಳನ್ನೆಲ್ಲ ತುಂಬಿ ಮಟ್ಟ ಮಾಡುತ್ತದೆ, ಬೆಳಕು ಸರಿಯಾಗಿ ಪುಟಿಯುತ್ತದೆ, ಒಳಗಿನ ಬಣ್ಣವೂ ತೇಲಿ ಬರುತ್ತದೆ. ಕಡ್ಡಿಯ ಮುಕ್ಕಾಲು ಕೆಲಸ ಇಷ್ಟೇ. ಅದರೊಳಗೆ ಇರುವುದೂ ಮುಖ್ಯವಾಗಿ ಮೇಣ ಮತ್ತು ಎಣ್ಣೆ: ಜೇನುಮೇಣ ಅಥವಾ ಕಾರ್ನೌಬಾದಂಥ ಗಿಡದ ಮೇಣ, ಹರಳೆಣ್ಣೆಯೋ ತೆಂಗಿನಿಂದ ತೆಗೆದ ಹಗುರ ಎಣ್ಣೆಯೋ, ಜಾರಲಿ ಎಂದು ಒಂದಿಷ್ಟು ಸಿಲಿಕೋನ್.

ಇನ್ನು ಕಾಲುಭಾಗ ಆ ಮಿರುಗು. ಡಬ್ಬಿಯ ಹಿಂದೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಮೈಕಾ’ ಎಂದಿರುತ್ತದೆ, ಇಲ್ಲವೇ ‘ಸಿಐ 77019’ ಎಂಬ ಸಂಖ್ಯೆ. ಅದು ನಮ್ಮ ಕಾಗೆಬಂಗಾರ, ಅಂದರೆ ಅಭ್ರಕ. ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲಿ ಬಿಸಿಲು ತಾಗಿದಾಗ ಚುಕ್ಕೆ ಚುಕ್ಕೆ ಮಿನುಗುವ ಕಪ್ಪು ಚೂರುಗಳು ಅದೇ ಕುಲದವು. ಹೊಲದ ಬದುವಿನಲ್ಲಿ ಸಿಕ್ಕಿದ ಅಭ್ರಕದ ಹಾಳೆಯನ್ನು ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿ ಮಗ್ಗಿಪುಸ್ತಕದಲ್ಲಿ ಇಟ್ಟುಕೊಂಡವರಿಗೆ ಅದರ ಗುಣ ಹೇಳಬೇಕಿಲ್ಲ. ಎಷ್ಟು ಸೀಳಿದರೂ ಇನ್ನೊಂದು ಹಾಳೆ, ಅದೂ ಕನ್ನಡಿಯಷ್ಟು ನಯ. ಕಾರ್ಖಾನೆಯಲ್ಲಿ ಈ ಪುಡಿಗೆ ಟೈಟಾನಿಯಂ ಡಯಾಕ್ಸೈಡಿನ ತೆಳು ಲೇಪ ಕೊಡುತ್ತಾರೆ. ಲೇಪದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ತೆಳುವಿದ್ದರೆ ಬೆಳ್ಳಿ, ಕೂದಲೆಳೆಯ ನೂರನೇ ಪಾಲಿಗಿಂತ ಕಡಿಮೆ ದಪ್ಪ ಹೆಚ್ಚಿದರೂ ಚಿನ್ನ, ಆಮೇಲೆ ಕೆಂಪು, ನೀಲಿ, ಹಸಿರು. ಬಣ್ಣ ಹಾಕದೆಯೇ ಬಣ್ಣ. ಮಳೆ ಬಂದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲು ನವಿಲುಗರಿಯಾಗುವುದೂ ಇದೇ ನಿಯಮದಿಂದ. ಪುಡಿಯ ಕಣ ಸಣ್ಣದಿದ್ದರೆ ರೇಷ್ಮೆಯ ನಯ, ದೊಡ್ಡದಿದ್ದರೆ ಜಾತ್ರೆಯ ಜರಿಕಾಗದ. ‘ಡ್ಯೂಯಿ’ ಎಂದು ಮಾರುವ ಕಡ್ಡಿಗಳಲ್ಲಿ ಕಣ ಸಣ್ಣ, ಪ್ರಮಾಣವೂ ಕಡಿಮೆ, ಎಣ್ಣೆಯ ಪಾಲು ಹೆಚ್ಚು.

ಕಾಗೆಬಂಗಾರಕ್ಕೆ ಇನ್ನೊಂದು ಮುಖ ಇದೆ. ನಮ್ಮ ದೇಶದ ಅಭ್ರಕದ ದೊಡ್ಡ ಪಾಲು ಬರುವುದು ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಕಡೆಯಿಂದ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿ ಅಧಿಕೃತ ಗಣಿಗಳು ಒಂದೊಂದಾಗಿ ಮುಚ್ಚಿದವು, ಅಗೆತ ಮಾತ್ರ ನಿಲ್ಲಲಿಲ್ಲ. ಬಿಟ್ಟ ಗುಂಡಿಗಳಲ್ಲಿ ಮನೆಮಂದಿಯೆಲ್ಲ ಇಳಿದು ಚೂರು ಆರಿಸುತ್ತಾರೆ. ಆ ಚೂರಿಗೆ ಅಲ್ಲಿ ‘ಢಿಬ್ರಾ’ ಎನ್ನುತ್ತಾರೆ. ಆರಿಸುವ ಕೈಗಳಲ್ಲಿ ಮಕ್ಕಳವೂ ಇವೆ. ಸುದ್ದಿ ಹೊರಬಂದ ಮೇಲೆ ಸೌಂದರ್ಯವರ್ಧಕ ಕಂಪನಿಗಳು ಸೇರಿ 2017ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಒಕ್ಕೂಟ ಕಟ್ಟಿದವು, ಕೆಲವರು ಕಾರ್ಖಾನೆಯಲ್ಲೇ ತಯಾರಾಗುವ ಕೃತಕ ಅಭ್ರಕಕ್ಕೆ ಹೋದರು. ಡಬ್ಬಿಯ ಮೇಲೆ ‘ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್’ ಎಂಬ ನಾಲಿಗೆ ಹೊರಳದ ಹೆಸರಿದ್ದರೆ ಅದು ಈ ಕೃತಕದ್ದು. ನನ್ನ ಕೈಗೆ ಬಂದ ಕಡ್ಡಿಯ ಮೇಲೆ ಬರೀ ‘ಮೈಕಾ’ ಅಂತಿತ್ತು. ಯಾವ ಗುಂಡಿಯದು ಅಂತ ಕೇಳಲು ಅದರಲ್ಲಿ ವಿಳಾಸವಿರುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಅಡ್ಡಮಾತು. ಅಭ್ರಕಕ್ಕಿಂತ ಮುಂಚೆ ಈ ಮುತ್ತಿನ ಹೊಳಪನ್ನು ತೆಗೆಯುತ್ತಿದ್ದದ್ದು ಮೀನಿನ ಹುರುಪೆಯಿಂದ. ಈಗಲೂ ಕೆಲವು ಕಡ್ಡಿಗಳಲ್ಲಿ ಇರುತ್ತದೆ, ‘ಸಿಐ 75170’ ಎಂಬ ಸಂಖ್ಯೆಯಲ್ಲಿ. ‘ಸಿಐ 75470’ ಎಂದಿದ್ದರೆ ಆ ಗುಲಾಬಿ ಬಣ್ಣ ಕೀಟದ್ದು. ಏಕಾದಶಿ ಮಾಡುವವರು ಕನ್ನಡಕ ಹಾಕಿಕೊಂಡು ಓದಿಕೊಳ್ಳಬಹುದು.

ಸರಿ, ಹಚ್ಚುವುದು ಎಲ್ಲಿ? ಇದಕ್ಕೆ ಪಾರ್ಲರಿನವರಿಗಿಂತ ಒಳ್ಳೆಯ ಪಾಠ ಹೇಳುವ ಜಾಗ ಮೈಸೂರಿನಲ್ಲೇ ಇದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಶಾಲೆಯಿಂದ ಸಾಲುಗಟ್ಟಿ ಹೋದವರೆಲ್ಲ ಆ ಚಿತ್ರ ನೋಡಿಯೇ ಇರುತ್ತಾರೆ: ಕತ್ತಲ ಹಿನ್ನೆಲೆಯಲ್ಲಿ ನಿಂತ ಹೆಂಗಸು, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ರವಿವರ್ಮನದು ಅಂತ ಇವತ್ತಿಗೂ ಎಷ್ಟೋ ಜನ ಹೇಳುತ್ತಾರೆ. ಅಲ್ಲ, ಅದು ಸಾವಂತವಾಡಿಯ ಎಸ್.ಎಲ್. ಹಳದಣಕರ್ ಬಿಡಿಸಿದ್ದು, 1940ರ ದಶಕದಲ್ಲಿ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆಕೆ ತೀರಿಕೊಂಡದ್ದು 2018ರಲ್ಲಿ, ನೂರು ದಾಟಿದ ಮೇಲೆ. ಚಿತ್ರದ ಇಂಗ್ಲಿಷ್ ಹೆಸರಲ್ಲೇ ‘ಗ್ಲೋ’ ಇದೆ, ‘ಗ್ಲೋ ಆಫ್ ಹೋಪ್’. ಚಿಕ್ಕವಳಿದ್ದಾಗ ಚಿತ್ರದ ಹಿಂದೆ ಬಲ್ಬು ಇಟ್ಟಿದ್ದಾರೆ ಎಂದೇ ನಂಬಿ, ಚೌಕಟ್ಟಿನ ಪಕ್ಕದಿಂದ ಇಣುಕಿ ಬೈಸಿಕೊಂಡಿದ್ದೆ.

ಅದು ಜಲವರ್ಣ. ಎಣ್ಣೆಬಣ್ಣದಲ್ಲಾದರೆ ಕೊನೆಗೆ ಬಿಳಿಯ ಒಂದು ಗೀರು ಎಳೆದು ಹೊಳಪು ತರಬಹುದು. ತಿಳಿ ಜಲವರ್ಣದಲ್ಲಿ ಆ ಸೌಕರ್ಯವಿಲ್ಲ, ಬೆಳಕು ಬೇಕಾದ ಕಡೆ ಕಾಗದವನ್ನು ಬಹುಮಟ್ಟಿಗೆ ಬರಿದೇ ಬಿಡಬೇಕು, ಕತ್ತಲನ್ನು ಸುತ್ತಲೂ ಕಟ್ಟಿಕೊಂಡು ಬರಬೇಕು. ಆಕೆಯ ಮುಖ ಬೆಳಗುವುದು ಸುತ್ತಲಿನದು ಬೆಳಗದೆ ಇರುವುದರಿಂದ. ಹೈಲೈಟರ್ ಹಚ್ಚುವವರು ತಪ್ಪುವುದೂ ಇಲ್ಲೇ. ಕೆನ್ನೆಲುಬು, ಮೂಗಿನ ದಿಂಡು, ಹುಬ್ಬಿನ ಕೆಳಗಿನ ಏರು, ಮೇಲ್ದುಟಿಯ ನಡುವಿನ ಕಣಿವೆಯ ಮೇಲಂಚು: ಬೆಳಕು ತಾನಾಗಿ ಬೀಳುವ ಉಬ್ಬುಗಳು ಇಷ್ಟೇ. ಅಲ್ಲಿ ಹೊಳೆದರೆ ಕಳೆ. ಹಣೆ, ಮೂಗಿನ ಪಕ್ಕದ ಸಂದು, ಗದ್ದ ಕೂಡ ಹೊಳೆದರೆ ಅದು ಮಧ್ಯಾಹ್ನ ಮೂರು ಗಂಟೆಯ ಸಿಟಿ ಬಸ್ಸಿನ ಮುಖ. ಅಲ್ಲೆಲ್ಲ ಎಣ್ಣೆಗ್ರಂಥಿಗಳು ಹೆಚ್ಚು, ನಮ್ಮ ಸಹಾಯವಿಲ್ಲದೆಯೇ ಹೊಳೆಯುತ್ತವೆ. ಹಾಗೆ ನೋಡಿದರೆ ಜಿಡ್ಡು ಎಂಬುದು ಜಾಗ ತಪ್ಪಿದ ಕಳೆ. ಮಂಗಳೂರಿನಲ್ಲಿರುವ ನನ್ನ ಗೆಳತಿಗೆ ಈ ಕಡ್ಡಿಯ ಬಗ್ಗೆ ಫೋನಿನಲ್ಲಿ ಹೇಳಿದರೆ, ‘ನಮಗೆ ದೇವರೇ ಬೆಳಿಗ್ಗೆ ಎಂಟಕ್ಕೆ ಹಚ್ಚಿ ಕಳಿಸ್ತಾನೆ ಮಾರಾಯ್ತಿ’ ಅಂದಳು.

ಇನ್ನೊಂದು ಉದಾಹರಣೆ ಬೀರುವಿನಲ್ಲೇ ಇದೆ. ಮೈಸೂರು ರೇಷ್ಮೆ ಸೀರೆ ತೆಗೆದು ಮಡಿಲ ಮೇಲೆ ಹರಡಿಕೊಳ್ಳಿ. ರೇಷ್ಮೆ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ತ್ರಿಕೋನ, ಅದರ ಹೊಳಪಿಗೆ ಆ ಚಪ್ಪಟೆ ಮೈಗಳೇ ಮೂಲ. ಆದರೆ 1912ರಲ್ಲಿ ಶುರುವಾದ ನಮ್ಮ ಮೈಸೂರಿನ ಕಾರ್ಖಾನೆಯ ಹೆಸರಾಂತ ಕ್ರೇಪಿನಲ್ಲಿ ನೂಲನ್ನು ಬಿಗಿಯಾಗಿ ಹುರಿ ಹಾಕುತ್ತಾರೆ. ಹುರಿಯಿಂದ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ನವಿರು ಸುಕ್ಕು. ಬೆಳಕು ಒಂದೇ ಕಡೆ ಕುಕ್ಕದೆ ಹರಡಿಕೊಳ್ಳುತ್ತದೆ. ಮೈಯ ಆ ಮಂದ ಹೊಳಪಿನ ಪಕ್ಕದಲ್ಲಿ ಬೆರಳಗಲದ ಜರಿ ಅಂಚು ಝಗ್ಗೆನ್ನುವುದು. ಮೈಯೂ ಸ್ಯಾಟಿನ್ ಆಗಿದ್ದರೆ ಜರಿಯನ್ನು ಯಾರು ನೋಡುತ್ತಿದ್ದರು? ಹುಡುಗಿಯರು ಮೊದಲು ಮುಖಪೂರ್ತಿ ಹೊಳೆಯುವ ಬೇಸ್ ಹಾಕಿ, ಮೇಲೆ ಹೊಳೆಯುವ ಪುಡಿ ಹಾಕಿ, ಅದರ ಮೇಲೆ ಈ ಕಡ್ಡಿ ಎಳೆದುಕೊಂಡಾಗ ನನಗೆ ಅಂಚಿಗೂ ಒಡಲಿಗೂ ಜರಿಯೇ ನೇಯ್ದ ಸೀರೆ ನೆನಪಾಗುತ್ತದೆ. ಭಾರ, ದುಬಾರಿ, ಕಣ್ಣಿಗೆ ಆಯಾಸ.

ಈಗ ಆ ‘ಕಪ್ಪಾದರೂ’ ವಿಚಾರ. ಮೇಲ್ಮೈಯಿಂದ ಪುಟಿಯುವ ಬೆಳಕಿನ ಪಾಲು ಬಿಳಿ ಚರ್ಮಕ್ಕೂ ಕಪ್ಪು ಚರ್ಮಕ್ಕೂ ಹೆಚ್ಚುಕಡಿಮೆ ಒಂದೇ. ಒಳಹೊಕ್ಕು ವಾಪಸು ಬರುವ ಬೆಳಕು ಮಾತ್ರ ಕಪ್ಪು ಚರ್ಮದಲ್ಲಿ ಕಡಿಮೆ. ಹಾಗಾಗಿ ಹೊಳಪು ಎದ್ದು ಕಾಣುವುದು ಕಪ್ಪು, ಕಂದು ಮೈಯಲ್ಲೇ. ‘ಕಪ್ಪಾದರೂ ಕಳೆ’ ಅಲ್ಲ, ಕಪ್ಪಾದ್ದರಿಂದ ಕಳೆ. ಹೆಣ್ಣು ನೋಡಲು ಬಂದವರ ವ್ಯಾಕರಣದಲ್ಲೇ ತಪ್ಪಿತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಫೇರ್ ಹೋಗಿ ಗ್ಲೋ ಬಂದು ಕೂತಿತು. ಟ್ಯೂಬಿನ ಮೇಲೆ ಹೆಸರು ಬದಲಾಯಿಸುವುದು ಸುಲಭ. ಅಂಗಡಿಯಲ್ಲಿ ‘ಗ್ಲೋ ಬೇಕು’ ಎಂದ ಹುಡುಗಿಯ ಕೈಗೆ ಎರಡು ಮಟ್ಟ ಬಿಳುಪಾದ ಬಣ್ಣ ಕೊಡುವ ಚಾಳಿ ಅಷ್ಟು ಸುಲಭಕ್ಕೆ ಹೋಗಿಲ್ಲ. ನಮ್ಮ ಬಣ್ಣದ ಮೈಗೆ ಬೆಳ್ಳಿಬಿಳುಪಿನ ಹೈಲೈಟರ್ ಹಚ್ಚಿದರೆ ಟೈಟಾನಿಯಮ್ಮಿನ ಬಿಳಿ ಮೇಲೆ ನಿಂತು ವಿಭೂತಿ ಒರೆಸಿದಂತೆ ಕಾಣುತ್ತದೆ. ಚಿನ್ನ, ತಾಮ್ರ, ಜೇನಿನ ಛಾಯೆ ಬೇಕು. ಡಬ್ಬಿಗಳ ಮೇಲಿರುವ ಹೆಸರುಗಳೋ, ಷಾಂಪೇನ್, ಮೂನ್‌ಲೈಟ್. ಅಚ್ಚುಬೆಲ್ಲ, ಜೋನಿಬೆಲ್ಲ, ಎರಡನೇ ಡಿಕಾಕ್ಷನ್ ಎಂದು ಬರೆದಿದ್ದರೆ ನಾನು ಸಲೀಸಾಗಿ ಆರಿಸಿಕೊಳ್ಳುತ್ತಿದ್ದೆ.

ಅಂಗಡಿಯ ಮಾತು ಬಂತಲ್ಲ. ದೇವರಾಜ ಅರಸು ರಸ್ತೆಯಲ್ಲಿ ನಾಲ್ಕಾರು ಕಡೆ ಪರೀಕ್ಷೆಗೆಂದು ತೆರೆದ ಕಡ್ಡಿ ಇಟ್ಟಿರುತ್ತಾರೆ. ಅದನ್ನು ಸೀದಾ ಮುಖಕ್ಕೆ ಉಜ್ಜಿಕೊಳ್ಳಬೇಡಿ. ಬೆಳಗಿನಿಂದ ಎಷ್ಟು ಮೊಡವೆ, ಎಷ್ಟು ಕಣ್ಣುರೆಪ್ಪೆ ಮುಟ್ಟಿ ಬಂದಿರುತ್ತದೋ. ಮುಂಗೈ ಮೇಲೆ ಒಂದು ಗೀರು ಎಳೆದು, ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ನೋಡಿ. ಒಳಗಿನ ದೀಪಗಳನ್ನು ಮಾರುವವರೇ ಹಾಕಿಸಿರುತ್ತಾರೆ. ಕೊಂಡ ಮೇಲೆ ಎರಡು ದಿನ ಕಿವಿಯ ಹಿಂದೆಯೋ ಮೊಣಕೈ ಒಳಮೈಗೋ ಹಚ್ಚಿ ತುರಿಕೆ, ಕೆಂಪು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ವಾಸಿ. ಮೊಡವೆ ಮೇಲೆ ಹಚ್ಚಿದರೆ ಮೊಡವೆಯೇ ಮೊದಲು ಹೊಳೆಯುತ್ತದೆ, ಉಬ್ಬಿದ್ದೆಲ್ಲ ಬೆಳಕಿಗೆ ಒಂದೇ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಕಡ್ಡಿ ಎಷ್ಟೇ ಅಗ್ಗವಾದರೂ ಬೇಡ. ಸನ್‌ಸ್ಕ್ರೀನ್ ಹಚ್ಚುವವರು ಅದನ್ನು ಹಚ್ಚಿ, ಆರಿದ ಮೇಲೆ ಇದನ್ನು ಒತ್ತಬೇಕು.

‘ಹನ್ನೆರಡು ಗಂಟೆ ಬಾಳಿಕೆ’ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಮೈಸೂರಿನವರ ಹತ್ತಿರ ಬಾಳಿಕೆಯ ಬಣ್ಣದ ಮಾತಾಡಬಾರದು. 1962ರ ಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನದು. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಬೆರೆತು ಕಚ್ಚಿಕೊಳ್ಳುತ್ತದೆ, ಸೋಪು ಸೋಲುತ್ತದೆ. ಹೈಲೈಟರ್ ಚರ್ಮದ ಜೊತೆ ಯಾವ ಸಂಬಂಧವನ್ನೂ ಬೆಳೆಸುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ನನ್ನ ಕೆನ್ನೆಯಲ್ಲಿ ಹತ್ತಕ್ಕೆ ಕೂತದ್ದು ಎರಡು ಗಂಟೆಗೆ ಊಟದ ಬೆವರಲ್ಲಿ ಅರ್ಧ, ಸೆರಗಿನ ತುದಿಯಲ್ಲಿ ಅರ್ಧ. ಸಂಜೆ ತೊಳೆದಾಗ ಮೊದಲಿನ ಕೆನ್ನೆಯೇ. ಹೊರಗಿನಿಂದ ಹಚ್ಚಿದ್ದಕ್ಕೂ ಚಾಮುಂಡಿಯ ಸಾವಿರ ಮೆಟ್ಟಿಲು ಹತ್ತಿದವರ ಮುಖದಲ್ಲಿ ಬರುವುದಕ್ಕೂ ಇರುವ ಅಂತರ ಇದೇ. ಅಲ್ಲಿ ರಕ್ತ ಕೆನ್ನೆಗೆ ಏರಿ ಒಳಗಿನ ಬಣ್ಣ ಕೆಂಪೇರುತ್ತದೆ, ಮೇಲೆ ಬೆವರಿನ ತೆಳು ಪದರ. ಅದೂ ಡ್ಯೂಯಿ ಫಿನಿಶ್ಶೇ, ಮಂಡಿ ಒಪ್ಪಿದರೆ ಬಿಟ್ಟಿ.

ಎರಡನೇ ಪ್ರಯೋಗ ಮದುವೆಮನೆಯಲ್ಲಿ, ಮತ್ತು ಅದು ಕೆಟ್ಟಿತು. ರಿಸೆಪ್ಷನ್ನಿಗೆ ಎರಡೂ ಕೆನ್ನೆಗೆ, ಮೂಗಿಗೆ ಹಚ್ಚಿಕೊಂಡು ಹೋದೆ. ಮೊದಲರ್ಧ ಚೆನ್ನಾಗಿತ್ತು, ನೆಂಟರೊಬ್ಬರು ‘ಸಣ್ಣಗಾಗಿದ್ದೀಯಾ’ ಅಂದರು. ವೇದಿಕೆ ಹತ್ತಿ ನಿಂತಾಗ ಎದುರಿನಿಂದ ಬಿಳಿ ಎಲ್‌ಇಡಿ ದೀಪಗಳು, ಮೇಲೆ ಫ್ಲ್ಯಾಷ್. ಒಂದು ವಾರಕ್ಕೆ ಫೋಟೋ ಬಂತು. ವಧೂವರರ ಪಕ್ಕದಲ್ಲಿ ಮೂಗಿನ ಮೇಲೆ ಬಿಳಿ ಪಟ್ಟೆ ಹೊತ್ತು, ಈಗಷ್ಟೇ ಅಡಿಗೆಮನೆಯ ಒಲೆ ಮುಂದಿನಿಂದ ಎದ್ದು ಬಂದವಳಂತೆ ನಾನು. ಫ್ಲ್ಯಾಷ್ ಕ್ಯಾಮೆರಾದ ಪಕ್ಕದಲ್ಲೇ ಇರುತ್ತದೆ, ಪುಟಿದ ಬೆಳಕೆಲ್ಲ ನೆಟ್ಟಗೆ ಅದರ ಕಣ್ಣಿಗೇ ಬೀಳುತ್ತದೆ. ಕಿಟಕಿಯ ಪಕ್ಕದ ಬೆಳಕಿನಲ್ಲಿ ಕಳೆಯಾಗಿದ್ದದ್ದು ಎದುರಿನ ಬೆಳಕಿನಲ್ಲಿ ಬೆವರಾಯಿತು.

ಬೆಳಕಿನದೇ ತಪ್ಪು ಅಂತ ಮನದಟ್ಟಾದದ್ದು ಭಾನುವಾರ ಸಂಜೆ. ಊರಿಂದ ಬಂದವರನ್ನು ಅರಮನೆ ದೀಪ ತೋರಿಸಲು ಕರೆದುಕೊಂಡು ಹೋಗಿದ್ದೆ. ಏಳಕ್ಕೆ ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೆ ಹತ್ತಿದವು. ಎಲ್ಲರೂ ಅರಮನೆ ನೋಡುತ್ತಿದ್ದರು, ನಾನು ಎಲ್ಲರ ಮುಖ ನೋಡುತ್ತಿದ್ದೆ. ಆ ಹಳದಿ ಬೆಳಕಿನಲ್ಲಿ ಬಲೂನು ಮಾರುವ ಹುಡುಗ, ಮಗು ಎತ್ತಿಕೊಂಡ ಹೆಂಗಸು, ಚುರುಮುರಿ ಕಲಸುತ್ತಿದ್ದವನು, ಒಬ್ಬರ ಕೆನ್ನೆಲುಬೂ ಬಾಕಿ ಉಳಿದಿರಲಿಲ್ಲ. ಯಾರೂ ಏನೂ ಹಚ್ಚಿಕೊಂಡು ಬಂದಂತಿರಲಿಲ್ಲ.

ಅವತ್ತು ಕಡ್ಡಿ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಏಪ್ರಿಲ್ ತಿಂಗಳು, ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತ ಗಾಡಿ. ಮನೆಗೆ ಬಂದು ಮುಚ್ಚಳ ತೆಗೆದರೆ ಮೇಣ ಕರಗಿ ಒಂದು ಬದಿಗೆ ವಾಲಿ, ಅಭ್ರಕವೆಲ್ಲ ತಳಕ್ಕಿಳಿದಿತ್ತು. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ ಎಂದಳು ಅಕ್ಕನ ಮಗಳು. ಬೆಣ್ಣೆ ಡಬ್ಬಿಯ ಪಕ್ಕ ಇಟ್ಟು ಮರೆತೆ.

ನಾಲ್ಕು ದಿನ ಬಿಟ್ಟು ನೋಡಿದರೆ ಅದು ಅಲ್ಲಿರಲಿಲ್ಲ. ದೇವರ ಮನೆಯ ಗೂಡಿನಲ್ಲಿ, ಕನ್ನಡಕದ ಪೆಟ್ಟಿಗೆಯ ಪಕ್ಕ, ಅರ್ಧಕ್ಕಿಳಿದು ಕೂತಿತ್ತು. ಅಮ್ಮ ಪೂರ್ವದ ಕಿಟಕಿಯ ಕೆಳಗೆ ಪೇಪರು ಓದುತ್ತಿದ್ದರು. ಪುಟ ಮಗುಚಲು ಕೈ ಎತ್ತಿದಾಗ ಬಿಸಿಲು ಅವರ ಮೊಣಕೈ ಮೇಲೆ ಹತ್ತಿತು, ಚಿನ್ನದ ಬಣ್ಣದಲ್ಲಿ ಜಾರಿ ಮುಂಗೈಗೆ ಬಂತು. ‘ಒಳ್ಳೆ ವ್ಯಾಸಲೀನು ಕಣೇ, ಒಡಕೆಲ್ಲ ಹೋಯ್ತು. ಇನ್ನೊಂದು ತಂದಿಡು’ ಅಂದರು.